ಚಾಂಪಿಯನ್ನನ ಹೆಸರಿನ ಕೋಲು

ಮದಲೂರಿನ ಮಕ್ಕಳು ಹನ್ನೆರಡು ವರ್ಷ ನಂಬಿಕೊಂಡು ಬಂದ ಆ ಗಾಲ್ಫ್ ಕೋಲು ಸ್ಕಾಟ್ಲೆಂಡಿನದಲ್ಲ. ಅದನ್ನು ಮಾಡಿದವನು ನಾನು — ಶಿರಾದ ಬಡಗಿ ಬಾಷಾ.

ಅಸಲಿ ಕೋಲು ನನಗೆ ಪಾಠ ಹೇಳಿದ ರುದ್ರಪ್ಪ ಮೇಷ್ಟ್ರದು. ಹರೆಯದಲ್ಲಿ ಅವರು ಬೆಂಗಳೂರಿನಲ್ಲಿ ಗಾಲ್ಫ್ ಆಟಗಾರರ ಚೀಲ ಹೊರುತ್ತಿದ್ದಾಗ ಮುದುಕರೊಬ್ಬರು ಕೊಟ್ಟದ್ದು. ಗಾಲ್ಫಿನ ಮೊದಮೊದಲ ಚಾಂಪಿಯನ್ನರಲ್ಲಿ ಒಬ್ಬ ಕೈಯಾರೆ ಮಾಡಿದ ಕೋಲಂತೆ. ಆತ ಸ್ಕಾಟ್ಲೆಂಡಿನ ಒಂದು ಮೈದಾನದ ಹುಲ್ಲು ನೋಡಿಕೊಳ್ಳುವ ಆಳು, ಕೋಲು ಕೆತ್ತುವ ಕಸುಬುದಾರ. ದೊರೆಗಳ ಆಟದಲ್ಲಿ ದೊರೆಗಳನ್ನೇ ಸೋಲಿಸಿದವನು. ಈ ಕಥೆ ಹೇಳಿ, ಕೊನೆಗೆ ಪಕ್ಕದಲ್ಲಿಟ್ಟ ಕೋಲನ್ನು ಎತ್ತಿ ತೋರಿಸಿಯೇ ಮೇಷ್ಟ್ರು ಒಣಗಿದ ಕೆರೆಯಂಗಳದಲ್ಲಿ ಮಕ್ಕಳಿಗೆ ಗಾಲ್ಫ್ ಹುಚ್ಚು ಹಿಡಿಸಿದ್ದರು.

ಹನ್ನೆರಡು ವರ್ಷದ ಹಿಂದೆ ಹಿಡಿಯ ಚರ್ಮ ಬದಲಿಸಲು ಕೋಲನ್ನು ನನಗೆ ಕೊಟ್ಟರು. ಒಂದೇ ಒಂದು ಹೊಡೆತ — ಆ ಚಾಂಪಿಯನ್ನನಿಗೆ ಹೇಗನಿಸುತ್ತಿತ್ತೋ ನೋಡೋಣವೆಂದು... ಚೆಂಡು ಇದ್ದಲ್ಲೇ ಇತ್ತು. ಕೋಲು ಕಲ್ಲಿಗೆ ಬಡಿದು ಮೂರು ತುಂಡಾಯಿತು. ತಡಸಲು ಮರದಲ್ಲಿ ಹೊಸದು ಮಾಡಿದೆ. ಹಳೆಯದರ ಮೇಲಿದ್ದ ಚಾಂಪಿಯನ್ನನ ಹೆಸರನ್ನು ನೋಡಿ ನೋಡಿ ಕೆತ್ತಿದೆ. ಬಣ್ಣ ಮಾಸಲೆಂದು ಚಹಾ ಡಿಕಾಕ್ಷನ್ ಬಳಿದು, ಅಸಲಿಯೆಂದೇ ಮೇಷ್ಟ್ರಿಗೆ ಕೊಟ್ಟೆ. ಆ ಡಿಕಾಕ್ಷನ್ ಕುದಿಸಿದ್ದು — ಇದನ್ನೂ ಹೇಳಲೇಬೇಕು — ಮುರಿದ ತುಂಡುಗಳ ಉರಿಯಲ್ಲಿ.

ಕಳೆದ ತಿಂಗಳು ಬೆಂಗಳೂರಿನ ಒಂದು ಕ್ಲಬ್ಬಿನವರು ಆ ಕೋಲನ್ನು ಗಾಜಿನ ಪೆಟ್ಟಿಗೆಯಲ್ಲಿಡಲು ಕೇಳಿದರು. ಮೇಷ್ಟ್ರು ಹೊಸ ಅಂಗಿ ಹೊಲಿಸಿಕೊಂಡರು. ಆ ಅಂಗಿ ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ. ಹೋಗಿ ಎಲ್ಲ ಹೇಳಿದೆ.

ಅವರು ಬಹಳ ಹೊತ್ತು ಕೋಲನ್ನೇ ತಿರುಗಿಸಿ ನೋಡಿದರು.

“ಇಷ್ಟ್ ವರ್ಷ ಯಾಕ್ಲಾ ಸುಮ್ಕಿದ್ದೆ?”

“ಹೆದ್ರಿಕೆ ಸಾರ್... ಆಮೇಲೆ ಮಕ್ಕಳ ಖುಷಿ ನೋಡಿ...”

“ಮಕ್ಕಳ ಮೇಲೆ ಹಾಕ್ಬ್ಯಾಡ.”

“ತಪ್ಪಾಯ್ತು ಸಾರ್” ಎಂದೆ. ಆಮೇಲೆ ಅವರಿಗೆ ನಗು ಉಕ್ಕಿ ಬಂತು. “ಅಂಗಾರೆ ಇಸ್ಕೂಲ್ ನೋಡಕ್ಕೆ ಬಂದಿದ್ದ ಸಾಹೇಬ್ರು ಕಣ್ಣಿಗೆ ಒತ್ಕಂಡಿದ್ದು ನಿನ್ ಕೋಲ್ನಾ?”

ಇಬ್ಬರೂ ನಕ್ಕೆವು. ನಗುತ್ತಲೇ ಅವರು ಕಣ್ಣೊರೆಸಿಕೊಂಡರು.

ಕ್ಲಬ್ಬಿಗೆ ನಾನೇ ಫೋನ್ ಮಾಡಿ ನಿಜ ತಿಳಿಸಿದೆ. ಭಾನುವಾರ ಮಕ್ಕಳ ಮುಂದೆಯೂ ನಿಂತು ಹೇಳಿದೆ. ಅವರೋ, “ನಮ್ಗೂ ಒಂದೊಂದ್ ಮಾಡ್ಕೊಡಿ ಚಾಚಾ” ಎಂದು ಮುತ್ತಿಕೊಂಡರು. ನನ್ನ ಅಂಗಡಿ ತುಂಬ ಈಗ ಅಂಥ ಕೋಲುಗಳೇ. ಮೇಷ್ಟ್ರು ಆ ನಕಲಿ ಕೋಲನ್ನೂ ಮಕ್ಕಳಿಗೆ ಆಡಲು ಕೊಟ್ಟುಬಿಟ್ಟರು.

ಚಾಂಪಿಯನ್ನನ ಕಥೆಯನ್ನು ಅವರು ಈಗಲೂ ಅದೇ ಹುರುಪಿನಿಂದ ಹೇಳುತ್ತಾರೆ. ಆದರೆ ಕಥೆ ಮುಗಿಯುವಾಗ ಅವರ ಕೈ ಪಕ್ಕಕ್ಕೆ ಹೋಗಿ, ಏನನ್ನೋ ಹುಡುಕಿ, ಬರಿದೇ ಹಿಂದಿರುಗುತ್ತದೆ. ಪ್ರತಿ ಭಾನುವಾರ ಹೋಗಿ ಆ ಬರಿಗೈಯನ್ನು ನೋಡುತ್ತೇನೆ. ಮುರಿದವನು ನಾನು, ನೋಡಬೇಕು.