ಸಮುದ್ರದಲ್ಲಿ ಸಿಕ್ಕಿದ ಮರಗೆಣಸಿನ ಹೊಲ

ಅವರ ಎಡಗೈ ಹೆಬ್ಬೆರಳಿನ ಉಗುರು ಅಗಲವಾಗಿ, ಚಪ್ಪಟೆಯಾಗಿ, ಸದಾ ಪೆನ್ಸಿಲಿನ ಕಪ್ಪು ಮೆತ್ತಿಕೊಂಡಿರುತ್ತಿತ್ತು. ನಕ್ಷೆಯ ಮೇಲೆ ಆ ಉಗುರನ್ನು ಊರಿ, ಬೆರಳನ್ನು ಸ್ವಲ್ಪ ಸ್ವಲ್ಪವೇ ಜರುಗಿಸುತ್ತಾ ದೂರ ಅಳೆಯುವರು. ಪಕ್ಕದಲ್ಲೇ ಕಂಪ್ಯೂಟರ್ ಇತ್ತು; ಒಂದು ಗುಂಡಿ ಒತ್ತಿದರೆ ಮೀಟರ್ ಸಮೇತ ದೂರ ಹೇಳುತ್ತಿತ್ತು. ಅದನ್ನು ಅವರು ಕೊನೆಗೆ ನೋಡುವರು, ಅದೂ ಸಂಶಯದಿಂದ. ನನಗೆ ಮೈ ಉರಿಯುತ್ತಿತ್ತು.

ನಮ್ಮ ಕರಾವಳಿಯಲ್ಲಿ ಕ್ರೈಸ್ತ ಹಿರಿಯರನ್ನು ಕರೆಯುವ ಹಾಗೆ ನಾನು ಅವರನ್ನು ಪೊರ್ಬುಗಳು ಎನ್ನುತ್ತಿದ್ದೆ. ಕೊಲ್ಲಿಯ ರುವೈಸ್‌ನ ಮರಳಿನಲ್ಲಿ ವರ್ಷಗಟ್ಟಲೆ ಪೈಪ್‌ಲೈನ್ ಸರ್ವೆ ಮಾಡಿ, ಅರುವತ್ತರ ಹತ್ತಿರ ಬಂದಾಗ ನಮ್ಮ ಆಫೀಸಿಗೆ ಸೇರಿದವರು. ನನ್ನ ಮನೆ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ, ಆಫೀಸಿಗೆ ಹತ್ತು ನಿಮಿಷ. ಆದರೂ ದಿನಾ ಬೆಳಿಗ್ಗೆ ಬನಿಯಾಸ್‌ಗೆ ಹೋಗಿ ಅವರನ್ನು ಹತ್ತಿಸಿಕೊಂಡು ಬರುವ ಕರ್ಮ ನನ್ನದಾಗಿತ್ತು. ಅವರ ಕಾರನ್ನು ಬಾಯಮ್ಮ, ಅಂದರೆ ಅವರ ಹೆಂಡತಿ, ಆಸ್ಪತ್ರೆಯ ಡ್ಯೂಟಿಗೆ ಒಯ್ಯುತ್ತಿದ್ದರು. ಕಾರಿನಲ್ಲಿ ಕೂತ ಕೂಡಲೇ ಪೊರ್ಬುಗಳ ಉಪದೇಶ ಶುರು. ಮುಂದೆ ಕ್ಯಾಮೆರಾ ಉಂಟು, ಲೇನ್ ಬಿಡಬೇಡ, ಆ ಪಿಕಪ್‌ನವನನ್ನು ನಂಬಬೇಡ. ನಾನು ರೇಡಿಯೋದ ಸದ್ದು ಹೆಚ್ಚಿಸುತ್ತಿದ್ದೆ. ಅವರು ಅದಕ್ಕಿಂತ ಗಟ್ಟಿಯಾಗಿ ಮಾತಾಡುತ್ತಿದ್ದರು.

ನಮ್ಮ ಕೆಲಸವೂ ಒಂದು ವಿಚಿತ್ರ. ದಕ್ಷಿಣ ಅಮೆರಿಕದ ಒಂದು ದೇಶದಲ್ಲಿ ಗುಡ್ಡಗಳ ಮೇಲೆ ಕೋಕಾ ಗಿಡ ಬೆಳೆಯುತ್ತಾರೆ. ಅದರ ಎಲೆಯಿಂದ ಕೊಕೇನ್ ಆಗುತ್ತದೆ. ಆ ಗಿಡಗಳನ್ನು ಕೊಲ್ಲಲು ಬೇರೊಂದು ದೊಡ್ಡ ದೇಶ ಹಣ ಕೊಟ್ಟು, ವಿಮಾನದಿಂದ ಕಳೆನಾಶಕ ಸಿಂಪಡಿಸುತ್ತಿತ್ತು. ಮದ್ದು ಗಾಳಿಗೆ ಹಾರಿ ಪಕ್ಕದ ಬಾಳೆ, ಜೋಳ, ಮರಗೆಣಸಿನ ಮೇಲೆಲ್ಲ ಬೀಳುತ್ತಿತ್ತು. ಬೆಳೆ ಕಳೆದುಕೊಂಡವರು ದೂರು ಕೊಟ್ಟರೆ, ಆ ಅರ್ಜಿ ಅಲ್ಲಿಂದ ಸ್ಕ್ಯಾನ್ ಆಗಿ, ಇಂಗ್ಲಿಷಿಗೆ ತರ್ಜುಮೆಯಾಗಿ, ಮುಸಫಾದ ಒಂದು ಗೋಡೌನಿನ ಮೇಲ್ಮಹಡಿಯಲ್ಲಿ ಕೂತ ನಮ್ಮ ಮುಂದೆ ಬರುತ್ತಿತ್ತು. ಹೊಲದ ಅಕ್ಷಾಂಶ, ರೇಖಾಂಶವನ್ನು ನಾವು ಕಂಪ್ಯೂಟರಿಗೆ ತುಂಬಿಸಬೇಕು. ಆ ದಿನ ವಿಮಾನ ಆ ಹೊಲದ ಹತ್ತಿರ ಹಾರಿತ್ತೋ ಇಲ್ಲವೋ ಎಂದು ಅದು ಹೇಳುತ್ತದೆ. ಹಾರಿಲ್ಲವಾದರೆ ‘ಸಿಂಪಡಣೆ ಪ್ರದೇಶದ ಹೊರಗೆ’ ಎಂಬ ಪತ್ರ ತಾನಾಗಿ ಹೊರಡುತ್ತದೆ. ಎಲ್ಲಿಯ ಮರಗೆಣಸು, ಎಲ್ಲಿಯ ಮುಸಫಾ! ಯಾರಿಗಾದರೂ ಇದರಲ್ಲಿ ತಲೆಬುಡ ತಿಳಿಯುತ್ತಿತ್ತೋ ನನಗೆ ಗೊತ್ತಿಲ್ಲ. ಸಂಬಳ ಬರುತ್ತಿತ್ತು, ನಾವು ಮಾಡುತ್ತಿದ್ದೆವು.

ನಾಲ್ಕು ತಿಂಗಳು ಒಂದೇ ಒಂದು ದೂರೂ ವಿಮಾನ ಹಾರಿದ ಜಾಗಕ್ಕೆ ಹೊಂದಲಿಲ್ಲ. ಮ್ಯಾನೇಜರಿಗೆ ಖುಷಿಯೋ ಖುಷಿ. ಕೋಕಾ ಬೆಳೆದವರೇ ಸುಳ್ಳು ಹೇಳಿ ಪರಿಹಾರ ಕೇಳುತ್ತಿದ್ದಾರೆ ಎಂದು ಅವರು ಹೇಳಿದರು, ನಾನೂ ತಲೆಯಾಡಿಸಿದೆ. ಪೊರ್ಬುಗಳಿಗೆ ಅರ್ಜಿ ನೋಡುವ ಕೆಲಸವೇ ಇರಲಿಲ್ಲ. ವಿಮಾನ ಹಾರಿದ ಗೆರೆಗಳನ್ನು ನೋಡಿಕೊಳ್ಳುವುದು ಅವರ ಪಾಲು. ನನ್ನ ಪಕ್ಕದವನು ರಜೆಯಲ್ಲಿ ಹೋದಾಗ ಒಂದು ವಾರದ ಮಟ್ಟಿಗೆ ಅವನ ಅರ್ಜಿಗಳು ಅವರ ಮೇಜಿಗೆ ಹೋದವು. ನಾನು ದಿನಕ್ಕೆ ನಲುವತ್ತು ಮುಗಿಸಿದರೆ ಇವರದು ಮೂರು. ಏಕೆಂದರೆ ಕಂಪ್ಯೂಟರಿಗೆ ತುಂಬಿಸಿದ ಪ್ರತಿಯೊಂದು ಹೊಲವನ್ನೂ ಕಾಗದದ ನಕ್ಷೆಯಲ್ಲಿ ಚುಕ್ಕೆ ಇಟ್ಟು ನೋಡಬೇಕು!

“ಪೊರ್ಬುಗಳೇ, ಹೀಗೆ ಮಾಡಿದ್ರೆ ನಾವು ಇಬ್ಬರೂ ಇಲ್ಲೇ ಮಲಗ್ಬೇಕಾಗ್ತದೆ,” ಎಂದು ರೇಗಿದೆ.

“ಜಾಗ ಯಾವುದೂಂತ ನೋಡದೆ ಬೇಡ ಅಂತ ಹೇಳ್ಲಿಕ್ಕೆ ಆಗ್ತದಾ ಮಾರಾಯ?” ಎಂದು ಪೆನ್ಸಿಲ್ ಕೆತ್ತತೊಡಗಿದರು. ಅರ್ಧ ದಿನ ಪೆನ್ಸಿಲ್ ಕೆತ್ತುವುದರಲ್ಲೇ ಹೋಗುತ್ತಿತ್ತು.

ಎರಡನೆಯ ದಿನ ಮಧ್ಯಾಹ್ನ ನನ್ನನ್ನು ಕರೆದರು. ಊಟದ ಡಬ್ಬಿ ತೆರೆದಿದ್ದೆ, ಹೋಗಲಿಲ್ಲ. ಮತ್ತೆ ಕರೆದರು. ಗೊಣಗುತ್ತಾ ಹೋದೆ. ಮೇಜಿನ ಮೇಲೆ ಒಬ್ಬ ಹೆಂಗಸಿನ ಅರ್ಜಿ. ಮರಗೆಣಸು ಪೂರ್ತಿ ಕರಟಿದೆ, ಮಕ್ಕಳಿಗೆ ಬೇಯಿಸಿ ಹಾಕಲು ಅದೊಂದೇ ಇದ್ದದ್ದು ಎಂದು ಬರೆಸಿದ್ದಳು.

“ಈ ಹೆಂಗಸಿನ ಹೊಲ ಎಲ್ಲಿ ಉಂಟು ಗೊತ್ತುಂಟಾ?”

“ಎಲ್ಲಿ?”

“ನೀರಿನಲ್ಲಿ.” ಉಗುರನ್ನು ನಕ್ಷೆಯ ಮೇಲೆ ಒತ್ತಿದರು. “ಮಾಲ್ಡೀವ್ಸ್‌ನ ಆಚೆ, ಸಮುದ್ರದ ನಡುವೆ. ನಿನ್ನೆ ಒಬ್ಬನದ್ದು, ಅವನ ಬಾಳೆ, ಅದೂ ಅಲ್ಲೇ. ಎಂತ, ಮೀನುಗಳು ಬಂದು ದೂರು ಕೊಟ್ಟದ್ದಾ?”

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಎಂಟ್ರಿ ಮಾಡುವ ಶೀಟು ನಾನು ತಯಾರಿಸಿದ್ದು. ಮೊದಲಿನಿಂದ ಯಾರು ಮಾಡುತ್ತಾರೆಂದು, ಇಲ್ಲಿನ ಪೈಪ್‌ಲೈನ್ ಕೆಲಸದ ಹಳೇ ಶೀಟನ್ನೇ ನಕಲು ಮಾಡಿದ್ದೆ. ಕೊಲ್ಲಿಯಲ್ಲಿ ಎಲ್ಲವೂ ಪೂರ್ವ ರೇಖಾಂಶ. ಶೀಟಿನಲ್ಲಿ ‘ಪೂರ್ವ’ ಎಂದು ತಾನಾಗಿ ಬೀಳುತ್ತಿತ್ತು. ಆ ದೇಶ ಇರುವುದು ಪಶ್ಚಿಮದಲ್ಲಿ. ಎಪ್ಪತ್ತಾರು ಎಂಬ ಅಂಕಿ ನೋಡಿದಾಗಲಾದರೂ ನನಗೆ ಎಡವಟ್ಟು ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ನಮ್ಮ ಊರಿನ ರೇಖಾಂಶವೇ ಎಪ್ಪತ್ತೈದರ ಹತ್ತಿರ. ಕಣ್ಣಿಗೆ ಪರಿಚಯದ ಅಂಕಿಯಾಗಿ ಕಂಡಿತ್ತು. ನಾಲ್ಕು ತಿಂಗಳು ಒಂದಿಡೀ ಜಿಲ್ಲೆಯ ಬಡವರ ಹೊಲಗಳನ್ನು ತಂದು ಹಿಂದೂ ಮಹಾಸಾಗರಕ್ಕೆ ಹಾಕಿ, ನೀವು ಸುಳ್ಳುಗಾರರು ಎಂದು ಪತ್ರ ಕಳಿಸಿದ್ದೆ.

ಮ್ಯಾನೇಜರ್ ಕೇಳಿ ಮುಖ ಗಂಟಿಕ್ಕಿದರು. ಹೋದ ಪತ್ರ ಹೋಯಿತು, ಖಲಾಸ್, ಇನ್ನು ಮುಂದೆ ಸರಿಯಾಗಿ ಮಾಡಿ ಎಂದರು. ಪೊರ್ಬುಗಳು ಕುರ್ಚಿಯಿಂದ ಏಳಲಿಲ್ಲ. ನಿಯಮದ ಪುಸ್ತಕ ತೆರೆದು ಕೂತಿದ್ದರು. ತಿರಸ್ಕಾರವಾದ ಅರ್ಜಿಗಳನ್ನು ಮತ್ತೆ ತೆರೆಯಬಹುದು. ಆದರೆ ತಪ್ಪು ಗೊತ್ತಾದ ತಿಂಗಳೊಳಗೆ, ಅದು ಯಾರಿಂದ ಆಯಿತೆಂದು ಹೆಸರು ಬರೆದು, ಸಹಿ ಹಾಕಿದ ಪತ್ರ ಬೇಕು. ಹೆಸರಿಲ್ಲದೆ ಒಂದೂ ತೆರೆಯುವುದಿಲ್ಲ. ಹೆಸರು ಬರೆದವನ ಕೆಲಸ ಉಳಿಯುವುದಿಲ್ಲ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ.

ಆ ಸಂಜೆ ಕಾರಿನಲ್ಲಿ ನಾನೇ ಹೇಳಿದೆ, ನಾಳೆ ಬರೆದುಕೊಡುತ್ತೇನೆ ಎಂದು. ಅಂದು ಮಾತ್ರ ಅವರು ಕ್ಯಾಮೆರಾದ ಸುದ್ದಿ ಎತ್ತಲಿಲ್ಲ.

“ಬರೆದು ಆಯ್ತು. ಕಳಿಸಿಯೂ ಆಯ್ತು.”

“ಯಾರ ಹೆಸರಲ್ಲಿ?”

“ಮತ್ತೆ ಯಾರದ್ದು? ನನ್ನದೇ.”

“ನಿಮ್ಮದು ಎಂತ ತಪ್ಪುಂಟು ಪೊರ್ಬುಗಳೇ? ಶೀಟು ಮಾಡಿದ್ದು ನಾನು!”

“ಬೊಬ್ಬೆ ಹಾಕ್ಬೇಡ, ರೋಡ್ ನೋಡು. ನಿನ್ನ ಹೆಂಡತಿ, ಎರಡು ಮಕ್ಕಳ ವಿಸಾ ನಿನ್ನ ಮೇಲೆ ಉಂಟು. ನನಗೆ ಹೆಂಡತಿಯ ವಿಸಾ ಸಿಗ್ತದೆ. ಈಗ ನೀನು ಹೋಗಿ ನಂದು ಅಂತ ಹೇಳಿದ್ರೆ ಆ ಪತ್ರ ಸುಳ್ಳಾಗ್ತದೆ, ಅರ್ಜಿಗಳು ಎಲ್ಲ ವಾಪಾಸ್ ಬೀಳ್ತವೆ. ಸುಮ್ಮನೆ ಇರು.”

ಕೇಳದೆ ಮಾಡುವ ಉಪಕಾರದಷ್ಟು ಸಿಟ್ಟು ಬರಿಸುವುದು ಬೇರೆ ಇಲ್ಲ. ಬನಿಯಾಸ್ ತಲುಪುವವರೆಗೂ ಅವರನ್ನು ಬೈದೆ. ಆದರೆ ಮರುದಿನ ಆಫೀಸಿನಲ್ಲಿ ನಾನು ಬಾಯಿ ತೆರೆಯಲಿಲ್ಲ. ತೆರೆದರೆ ಅರ್ಜಿಗಳು ಬೀಳುತ್ತವೆ ಎಂಬುದು ನನಗೆ ಒಳ್ಳೆಯ ನೆಪವಾಯಿತು. ತಿಂಗಳು ತುಂಬುವ ಮೊದಲೇ ಅವರನ್ನು ಕಳಿಸಿದರು.

ಮನೆಯಲ್ಲಿ ಕೂತ ಮೇಲೂ ಅವರ ಕಾಟ ತಪ್ಪಲಿಲ್ಲ. ಪ್ರತಿ ಗುರುವಾರ ವಾಟ್ಸಾಪ್: “ಆ ಹೆಂಗಸಿನದ್ದು ಎಂತಾಯ್ತು?” ಆರೇಳು ತಿಂಗಳ ಬಳಿಕ ಅವಳ ಅರ್ಜಿ ಮಂಜೂರಾಯಿತು. ಕೂಡಲೇ ಮೆಸೇಜ್ ಹಾಕಿದೆ. ಒಂದು ಶಹಬ್ಬಾಸ್, ಒಂದು ನಗುಮುಖದ ಚಿತ್ರ? ಇಲ್ಲ. “ಬೇರೆಯವರದ್ದು?” ಎಂದು ಬಂತು. ಬೇರೆಯವರದು ಹೆಚ್ಚಿನದೂ ಬಿದ್ದುಹೋಗಿತ್ತು. ಅಲ್ಲಿನ ಅಧಿಕಾರಿಗಳು ಪರಿಶೀಲನೆಗೆ ಹೋದಾಗ ರೈತರು ಹೊಸದಾಗಿ ನೆಟ್ಟಿದ್ದರಂತೆ, ಹಾನಿ ಕಾಣಲಿಲ್ಲವಂತೆ. ಹೊಟ್ಟೆಗೆ ಬೇಕೆಂದು ನೆಟ್ಟದ್ದೇ ಅವರ ಅಪರಾಧ. ಅದನ್ನು ಪೊರ್ಬುಗಳಿಗೆ ಬರೆಯಲು ನನಗೆ ಮನಸ್ಸಾಗಲಿಲ್ಲ. ಉತ್ತರ ಕೊಡುವುದನ್ನೇ ಕಡಿಮೆ ಮಾಡಿದೆ. ಬನಿಯಾಸ್ ಕಡೆ ಹೋಗುವುದನ್ನೂ ಬಿಟ್ಟೆ. ಎರಡು ವರ್ಷದ ಮೇಲೆ ಬಾಯಮ್ಮ ರಿಟೈರಾಗಿ ಇಬ್ಬರೂ ಊರಿಗೆ ಹೋದರು. ಏರ್‌ಪೋರ್ಟಿಗೆ ಬಿಡಲಿಕ್ಕೂ ನಾನು ಹೋಗಲಿಲ್ಲ.

ಕಳೆದ ವರ್ಷ ಪೊರ್ಬುಗಳು ತೀರಿಕೊಂಡರು. ವಿಷಯ ತಿಳಿದು ಬಾಯಮ್ಮನಿಗೆ ಫೋನ್ ಮಾಡಿದೆ. ಮಲಗಿದ್ದಲ್ಲೇ ಹೋದರಂತೆ, ಮೊನ್ನೆ ಇಗರ್ಜಿಯಲ್ಲಿ ಪೂಜೆ, ಮಣ್ಣು ಎಲ್ಲ ಮುಗಿಯಿತಂತೆ. ಆಮೇಲೆ ಅವರಾಗಿಯೇ ಹಳೆಯದನ್ನು ತೆಗೆದರು.

“ಅಷ್ಟು ಜಾಗ್ರತೆಯ ಜನ, ಕೊನೆಗೆ ಆ ಆಫೀಸಲ್ಲಿ ಹೋಗಿ ಅಂಥ ತಪ್ಪು ಮಾಡಿದ್ರಲ್ಲ. ಪೂರ್ವ ಪಶ್ಚಿಮ ಗೊತ್ತಾಗದವರಾ ಅವರು? ಕೇಳಿದ್ರೆ, ಆಯ್ತು ಬಿಡು ಅಂತ ಇಷ್ಟೇ.”

“ಬಾಯಮ್ಮಾ,” ಎಂದೆ. “ಆ ತಪ್ಪು ಅವರದ್ದಲ್ಲ. ನಂದು. ನನ್ನ ಕೆಲಸ ಉಳೀಲಿ ಅಂತ ಅವರು ಹೆಸರು ಹಾಕಿದ್ದು.”

 

“ಮೊದಲೇ ಹೇಳ್ಬಾರದಿತ್ತಾ ಮಗಾ,” ಎಂದರು. “ಎರಡು ವರ್ಷ ಡ್ಯೂಟಿ ಮುಗಿಸಿ ಬಂದು ದಿನಾ ಅವರಿಗೆ ಬೈದಿದ್ದೇನಲ್ಲ ನಾನು.”