ಗುರುವಯ್ಯನ ಇನ್ನೊಂದು ಸುತ್ತು

ಬಾಳೂರಿನ ಗುರುವಯ್ಯನ ಬಾಯಲ್ಲಿ 'ಗೊತ್ತಿಲ್ಲ' ಎಂಬ ಮಾತು ಹುಟ್ಟಿದಾಗಿನಿಂದ ಬಂದಿಲ್ಲ. ಹಿಂದೆ ಯಾವುದೋ ಎಸ್ಟೇಟಿನಲ್ಲಿ ಜೀಪು ಓಡಿಸಿದ್ದನಂತೆ. ಅಷ್ಟಕ್ಕೇ ಊರಿನ ಮೋಟಾರು, ಮಿಕ್ಸಿ, ಹಲ್ಲುನೋವು ಎಲ್ಲಕ್ಕೂ ಇವನೇ ಮೇಸ್ತ್ರಿ. ಸ್ಪ್ಯಾನರ್ ಹಿಡಿದರೆ ಮಂತ್ರ ಒಂದೇ: "ಇನ್ನೊಂದು ಸುತ್ತು ಇರ್ಲಿ ಮಾರಾಯ."

ನಾನು ತಿಮ್ಮಮ್ಮ, ಅವನ ಪಕ್ಕದ ತೋಟದವಳು. ನಮ್ಮ ಹಳ್ಳದ ಮೂರು ಮನೆಗೆ ಸೇರಿ ಒಂದೇ ಡೀಸೆಲ್ ಎಂಜಿನ್. ಕಾಫಿ ಮೊಗ್ಗು ಅರಳಿಸುವ ಹೂಮಳೆ ಬಾರದ ವರ್ಷ ಗಿಡಕ್ಕೆ ಅದರದೇ ಸ್ಪ್ರಿಂಕ್ಲರ್ ನೀರು. ಸರದಿಯ ಮೇಲೆ ಓಡಿಸುತ್ತೇವೆ. ಯಾರ ಸರದಿಯಲ್ಲಿ ಕೆಟ್ಟರೆ ಅವರೇ ಹೊಣೆ. ಈ ಸಲ ಗುರುವಯ್ಯ ಮೊದಲು ತನ್ನ ತೋಟವನ್ನು ಚೆನ್ನಾಗಿ ನೆನೆಸಿಕೊಂಡು, ಆಮೇಲೆ ಎಂಜಿನ್ ನನ್ನ ತೋಟಕ್ಕೆ ತಂದ.

ನೀರು ಬಿಟ್ಟು ಸ್ವಲ್ಪ ಹೊತ್ತಿಗೇ ಎಂಜಿನ್ ಹೆಡ್ಡಿನ ಸಂದಿಯಿಂದ ಹೊಗೆ ಬಂತು. ಗುರುವಯ್ಯ ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ಬೋಲ್ಟ್ ಬಿಗಿದ.

"ಸಾಕು ಗುರುವಯ್ಯ," ಎಂದೆ.

"ಇನ್ನೊಂದು ಸುತ್ತು, ತಿಮ್ಮಕ್ಕ."

ಟಕ್ ಎಂದಿತು. ಬೋಲ್ಟಿನ ತಲೆ ಅವನ ಕೈಗೆ ಬಂತು, ಬುಡ ಎಂಜಿನ್ ಬ್ಲಾಕಿನೊಳಗೇ ಉಳಿಯಿತು.

ಕಾಫಿ ಮೊಗ್ಗು ಒಣಗಿಕೊಂಡೇ ಇದ್ದರೆ ಮಳೆಗೆ ಕಾಯುತ್ತದೆ. ಅರೆಬರೆ ನೆನೆದರೆ ಸೀದುಹೋಗುತ್ತದೆ. ವರ್ಷದ ಫಸಲೆಲ್ಲ ಅದರಲ್ಲೇ. ಎಂಜಿನ್ ಮೂಡಿಗೆರೆಯ ಮೆಕ್ಯಾನಿಕ್ ಹತ್ತಿರ ಒಯ್ಯೋಣ ಎಂದು ಅಂಗಲಾಚಿದೆ.

"ನಾನಿರೋವಾಗ ಮೂಡಿಗೆರೆ ಯಾಕೆ?" ಎಂದ ಮಹಾನುಭಾವ. ಸೀಮೆಎಣ್ಣೆ ಹೊಯ್ದ, ಬಡಿದ, ಸೊಟ್ಟಗೆ ತೂತು ಕೊರೆದ. ಮಾರನೆಯ ದಿನ, ಮುರಿದ ಬೋಲ್ಟ್ ಕೀಳುವ ಉಕ್ಕಿನ ಕಡ್ಡಿಯೊಂದನ್ನು ಎಲ್ಲಿಂದಲೋ ತಂದು ತೂತಿಗೆ ಸಿಕ್ಕಿಸಿದ. ಅದಕ್ಕೂ ಪೈಪು, ಅದಕ್ಕೂ ಇನ್ನೊಂದು ಸುತ್ತು! ಅದೂ ಒಳಗೇ ಮುರಿಯಿತು. ಡ್ರಿಲ್ಲಿಗೂ ಜಗ್ಗದ ಉಕ್ಕು ಅದು.

ಕೊನೆಗೆ ಎಂಜಿನ್ ಜೀಪಿಗೆ ಹೇರಿಕೊಂಡು ಮೂಡಿಗೆರೆಗೆ ಹೋದೆವು. ಮೆಕ್ಯಾನಿಕ್ ಹಬೀಬುರ್ರಹ್ಮಾನ್ ತೂತು ನೋಡಿ ಹಣೆ ಚಚ್ಚಿಕೊಂಡರು. "ಯಾರ್ರೀ ಇದಕ್ಕೆ ಕೈ ಹಾಕಿದ್ದು?"

ಗುರುವಯ್ಯ ನನ್ನ ಕಡೆ ತೋರಿಸಿದ. "ಇವ್ರ ಸರದೀಲಿ ಆಗಿದ್ದು ಸಾಹೇಬ್ರೇ."

ಥೂ, ನಾಚಿಕೆಗೆಟ್ಟವನೇ!

ಸಾಹೇಬರು ಒಳಗೆ ಉಳಿದ ತುಂಡಿನ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿ, ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ ಬಿಡಿಸಿದರು. ಹೆಡ್ಡಿನ ಸಂದಿಗೆ ಕೂರಿಸುವ ಹೊಸ ಗ್ಯಾಸ್ಕೆಟ್ ಬರಲು ಇನ್ನಷ್ಟು ದಿನ ಹಿಡಿಯಿತು. ಎಂಜಿನ್ ಮರಳುವಷ್ಟರಲ್ಲಿ ನನ್ನ ಮೊಗ್ಗೆಲ್ಲ ಕಪ್ಪಾಗಿತ್ತು, ಮುಟ್ಟಿದರೆ ಉದುರುತ್ತಿತ್ತು. ಬೇಲಿಯಾಚೆ ಅವನ ತೋಟ ಬೆಳ್ಳಗೆ ಅರಳಿ ಘಮ್ಮೆನ್ನುತ್ತಿತ್ತು.

ಅವನು ಬೇಲಿಗೆ ಬಂದು ನನ್ನ ಗಿಡ ನೋಡಿದ. "ನೀರು ಸಾಲ್ಲಿಲ್ಲ ತಿಮ್ಮಕ್ಕ. ಪೂರ್ತಿ ಕೊಡ್ಬೇಕಿತ್ತು ನೀವು."

"ಬರೋ ವರ್ಷ ಮೊದ್ಲ ಸರದಿ ನಂದು ಕಣೋ," ಎಂದೆ. "ಎಂಜಿನ್ ನಿನ್ನ ತೋಟಕ್ಕೆ ಬಂದ್ಮೇಲೆ ಸ್ಪ್ಯಾನರ್ ನಾನೇ ಹಿಡೀತೀನಿ. ಇನ್ನೊಂದು ಸುತ್ತು ಹಾಕೇ ಕೊಡ್ತೀನಿ."

ಗುರುವಯ್ಯ ಅಂದಿನಿಂದ ಎಂಜಿನ್, ಸ್ಪ್ಯಾನರ್ ಇಡುವ ಶೆಡ್ಡಿಗೆ ಬೀಗ ಹಾಕಿ, ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದಾನೆ.