ಮೂರನೇ ದಿನದ ಸೊರಬ ಬಸ್ಸು

ನನಗೆ ಬರೆದು ಅಭ್ಯಾಸವಿಲ್ಲ, ಹೇಳುವುದು ಹಿಂದುಮುಂದಾದರೆ ಕ್ಷಮಿಸಿ. ಶಿಕಾರಿಪುರದ ಮಹಿಳಾ ಸಮಾಜದಲ್ಲಿ ಮೂರು ತಿಂಗಳು ಹೊಲಿಗೆ ಕಲಿಸಲು ಬಂದವನು ನಾನು. ಮದುವೆಯಾಗದ ಗಂಡಸಿಗೆ, ಅದರಲ್ಲೂ ದಿನವಿಡೀ ಹೆಂಗಸರ ನಡುವೆ ಇರುವವನಿಗೆ, ಯಾರೂ ಕೋಣೆ ಬಾಡಿಗೆಗೆ ಕೊಡಲಿಲ್ಲ. ಉಳಿದದ್ದು ಛತ್ರ. ಛತ್ರವೆಂದರೆ ಪ್ರಯಾಣಿಕರು ತಂಗುವ ಜಾಗ. ಅದು ನಿಮಗೂ ಗೊತ್ತು. ಅಲ್ಲಿ ಗೋಡೆಯ ಮೇಲೆ, ಯಾರೂ ಮೂರು ದಿನಕ್ಕಿಂತ ಹೆಚ್ಚು ತಂಗಬಾರದು ಎಂದು ಬರೆದಿತ್ತು. ಅಲ್ಲಿಂದಲೂ ಎಬ್ಬಿಸಿದರೆ ಕೆಲಸ ಬಿಟ್ಟು ಊರಿಗೆ ಹೋಗಬೇಕಿತ್ತು.

ಮೂರನೇ ದಿನ ಪಾಠ ಮುಗಿಸಿ, ಹಾಸಿಗೆ ಸುತ್ತಿಕೊಂಡು, ಮಧ್ಯಾಹ್ನದ ಬಸ್ಸಿಗೆ ಸೊರಬಕ್ಕೆ ಹೋದೆ. ಸಂಜೆ ಅದೇ ಬಸ್ಸಿನಲ್ಲಿ ತಿರುಗಿ ಬಂದು, ಛತ್ರ ನೋಡಿಕೊಳ್ಳುವ ಗುರುಬಸಪ್ಪನವರ ಮುಂದೆ ನಿಂತೆ.

"ಮಧ್ಯಾಹ್ನ ಹೋದ್ರಲ್ರೀ?"

"ಹೋಗಿದ್ದೆ. ಈಗ ಸೊರಬದಿಂದ ಬಂದೀನಿ" ಎಂದು ಟಿಕೀಟು ತೋರಿಸಿದೆ.

"ಸೊರಬದಾಗ ಏನ್ ಕೆಲಸ ಇತ್ತು?"

"ವಾಪಸ್ ಬರೋ ಕೆಲಸ."

ಅವರು ಗೋಡೆಯ ಬರಹವನ್ನು ಎರಡು ಸಲ ಓದಿದರು. ಹೋದವರು ಮತ್ತೆ ಬರಬಾರದು ಎಂದು ಅದರಲ್ಲಿ ಎಲ್ಲಿಯೂ ಇರಲಿಲ್ಲ. 'ಹೊಸ ಪ್ರಯಾಣಿಕರು, ಸೊರಬದ ಕಡೆಯಿಂದ' ಎಂದು ಪುಸ್ತಕದಲ್ಲಿ ಬರೆದುಕೊಂಡು, ನನ್ನ ಹಳೆಯ ಮೂಲೆಯನ್ನೇ ತೋರಿಸಿದರು.

ಇಲ್ಲಿಯವರೆಗೆ ಹದಿನೇಳು ಸಲ ಹೊಸಬನಾಗಿದ್ದೇನೆ. ನನ್ನ ಹತ್ತಿರ ಕಲಿಯುವ ಹೆಂಗಸರು ಈಗ ರವಿಕೆಗೆ ತೋಳು ಕೂರಿಸುತ್ತಾರೆ. ಇದರಲ್ಲಿ ಮುಖ್ಯವಾದದ್ದು ಆ ಟಿಕೀಟು. ಅದನ್ನು ಏಕೆ ಜೋಪಾನವಾಗಿ ಇಟ್ಟುಕೊಳ್ಳಬೇಕೆಂದರೆ, ಮೊದಲನೆಯದಾಗಿ—

ಗುರುಬಸಪ್ಪನವರು ಕರೆಯುತ್ತಿದ್ದಾರೆ. "ಏಳ್ರೀ ಮೇಷ್ಟ್ರೇ, ಮೂರನೇ ದಿನ ಆತು. ಬಸ್ ನಿಲ್ಲಿಸೀನಿ. ಬರುವಾಗ ನನಗೆ ವೀಳ್ಯದೆಲೆ ತರೋದು ಮರೀಬ್ಯಾಡ್ರಿ."